ಶೋಕಿ ಎಂದರೆ

ಬಾಗಿಲು ಹಾರುಹೊಡೆದಿತ್ತು. ಜಗಲಿಯವರೆಗೆ ಬಿಸಿಲೂ ಬಂದಿತ್ತು. ಆದರೆ ಶೋಕಿ ತೆರೆದುಕೊಂಡಿರುವ ಕಡೆ ಬಿಟ್ಟು ಬಾಗಿಲ ಕೀಲಿರುವ ಕಡೆಗೆ ಹೋಗಿ, ಗೋಡೆಗೂ ಹಲಗೆಗೂ ನಡುವಿನ ಬೆರಳಗಲದ ಸಂದಿಗೆ ಮೂಗು ಒತ್ತಿಕೊಂಡು, ಯಾರಾದರೂ ತೆಗೆಯಲಿ ಎಂದು ಕಾಯುತ್ತ ನಿಂತಿತ್ತು. ಬಚ್ಚಲಿನಿಂದ ಮುಖ ಒರೆಸಿಕೊಂಡು ಬಂದ ಹೇಮಶ್ರೀ ನೋಡಿದಳು. ಎಷ್ಟು ಹೊತ್ತಿನಿಂದ ನಿಂತಿದೆಯೋ ಏನೋ. ಮನುಷ್ಯರಿಗೆ ಬರುವ ಅರಳುಮರಳೇ ನಾಯಿಗೂ ಬರುತ್ತದೆ, ಹದಿನೈದು ವರ್ಷವಾದ ಮೇಲೆ ಇದೆಲ್ಲ ಇದ್ದದ್ದೇ, ಎಂದು ಪಶು ಆಸ್ಪತ್ರೆಯ ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಅವತ್ತು ಆ ಮಾತು ಕೇಳಿ ಅವಳಿಗೆ ನಗು ಬಂದಿತ್ತು. ಈ ನಾಲ್ಕು ತಿಂಗಳಲ್ಲಿ ಅದು ಒಂದೊಂದನ್ನೇ ಮರೆಯುತ್ತ ಬಂದಿತ್ತು. ಮೊದಲು ಅನ್ನದ ತಟ್ಟೆ ಇಡುವ ಜಾಗ, ಆಮೇಲೆ ಉಚ್ಚೆಗೆ ಹೊರಗೆ ಹೋಗಬೇಕೆಂಬುದು, ಆಮೇಲೆ ಹಿಂದಕ್ಕೆ ಹೆಜ್ಜೆ ಇಡುವುದು. ಮಂಚದ ಕೆಳಗೆ ನುಗ್ಗಿದರೆ ಹಿಂದೆ ಬರಲು ತಿಳಿಯದೆ ಗೋಡೆಗೆ ತಲೆ ಕೊಟ್ಟುಕೊಂಡು ಅಲ್ಲೇ ಕುಂಯ್‌ಗುಡುತ್ತಿತ್ತು. ಅದಕ್ಕೇ ಅವಳು ಮನೆಯ ಮೂಲೆಮೂಲೆಗೂ ರಾಗಿ ಡಬ್ಬ, ಮಡಿಚಿದ ಕಂಬಳಿ, ತಲೆದಿಂಬು ಅಡ್ಡ ಇಟ್ಟಿದ್ದಳು. ಟೈಲ್ಸ್ ಮೇಲೆ ಕಾಲು ಜಾರದಿರಲೆಂದು ಗೋಣಿಚೀಲ ಹಾಸಿದ್ದಳು. ಬಂದವರು, ಏನು ಟೀಚರ್ ಮನೆ ಖಾಲಿ ಮಾಡ್ತಿದ್ದೀರಾ, ಎಂದು ಕೇಳುತ್ತಿದ್ದರು. ಅವಳು ಹೊಟ್ಟೆಯಡಿ ಕೈ ಹಾಕಿ ಅದನ್ನು ತೆರೆದ ಕಡೆಗೆ ತಿರುಗಿಸಿದಳು. ಅದು ಗುರ್ರೆಂದಿತು. ಕಚ್ಚಲು ಹಲ್ಲುಗಳೇನೂ ಉಳಿದಿರಲಿಲ್ಲ. ಆದರೆ ಆ ಪೊರೆ ಬಂದ ಕಣ್ಣಿನಲ್ಲಿ ಅವಳು ಯಾರೋ ದಾರಿಹೋಕಳಾಗಿದ್ದಳು. ನಾನು ಕಣೋ ಶೋಕಿ, ಎಂದಳು. ನಾನು ಎಂದು ಹೇಳಿಕೊಳ್ಳಬೇಕಾಗಿ ಬಂದದ್ದಕ್ಕೆ ನಾಚಿಕೆಯಾಯಿತು. ದಿನಾ ಆಗುವುದೇ ಆದರೂ ಇವತ್ತು ಅಳು ಬಂತು.

ಅಷ್ಟರಲ್ಲಿ ಫೋನು ಬಂತು. ಪಶು ಆಸ್ಪತ್ರೆಯ ಕಾಂಪೌಂಡರ್ ಚಲುವಯ್ಯ.

"ಟೀಚರಮ್ಮ, ನಾಳೀಕೆ ನಾಕು ಗಂಟೆಗೆ ಬತ್ತೀವಿ ಕಣವ್ವ. ಡಾಕ್ಟ್ರು ಒಪ್ಪವ್ರೆ. ಮೊದ್ಲು ಮಂಪರಿಗೆ ಒಂದು ಸೂಜಿ ಕೊಡ್ತಾರೆ, ಆಮೇಲೆ ಇನ್ನೊಂದು. ನಿದ್ದೆ ಬಂದಂಗೇ ಆಯ್ತದೆ. ಅದುಕ್ಕೂ ಬುಡುಗಡೆ, ನಿಮಗೂ ಬುಡುಗಡೆ."

"ನಾಳೇನೇನಾ?"

"ನೀವೇ ಅಲ್ವೇನವ್ವ ಹೋದ್ವಾರ ಹೂಂ ಅಂದಿದ್ದು? ಬ್ಯಾಡ ಅಂದ್ರೆ ಬುಡಿ, ನಮ್ಗೇನು."

ಹೂಂ ಅಂದದ್ದು ಅವಳೇ. ಅವಳಲ್ಲದೆ ಮತ್ತಾರು ಅನ್ನಬೇಕಿತ್ತು, ಮನೆಯಲ್ಲಿ ಇನ್ನೊಬ್ಬರಿಲ್ಲ. ಅಂದ ದಿನ ಹಗುರವಾದಂತೆ ಅನಿಸಿತ್ತು ಕೂಡ. ಫೋನು ಇಟ್ಟ ಮೇಲೆ ನಾಳೆ ನಾಲ್ಕು ಗಂಟೆಗೆ ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕಿದಳು. ಅಷ್ಟರೊಳಗೆ ಅವಳಿಗೆ ಬೇಕಾಗಿದ್ದದ್ದು ಒಂದೇ. ಒಂದೇ ಒಂದು ಸಲ ಅದು ತನ್ನನ್ನು ಗುರುತು ಹಿಡಿಯಬೇಕು. ಬಾಲ ಅಲ್ಲಾಡಿಸದಿದ್ದರೂ ಸರಿ, ಇವಳು ನಮ್ಮ ಮನೆಯವಳು ಎಂದು ನೋಡಬೇಕು. ಹಾಗೆ ನೋಡಿದ ಮೇಲೆ ಏನು ಬೇಕಾದರೂ ಆಗಲಿ. ಗುರುತಿಲ್ಲದವಳ ಕೈಯಲ್ಲಿ ಅದು ಸಾಯಬಾರದು. ನಿಜ ಹೇಳಬೇಕೆಂದರೆ ಅದಕ್ಕಿಂತ ದೊಡ್ಡ ಆಸೆಯೊಂದು ಇದರ ಹಿಂದೆ ಇತ್ತು. ಅದನ್ನು ಅವಳು ತನಗೆ ತಾನೇ ಕೂಡ ಪೂರ್ತಿ ಹೇಳಿಕೊಂಡಿರಲಿಲ್ಲ. ತನ್ನನ್ನು ನೆನೆದರೆ ಅದು ರುದ್ರಸ್ವಾಮಿಯನ್ನೂ ನೆನೆಯುತ್ತದೆ. ಸಂಜೆಯ ಬಸ್ಸನ್ನೂ ನೆನೆಯುತ್ತದೆ.

ಅವಳ ಗಂಡ ರುದ್ರಸ್ವಾಮಿ ಬೈಲಕುಪ್ಪೆಯ ಕ್ಯಾಂಪಿನಲ್ಲಿ ಟಿಬೆಟಿಯನ್ನರ ಹೊಲಗಳಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಆರರ ಬಸ್ಸಿಗೆ ಬರುತ್ತಿದ್ದ. ಬಸ್ಸು ನಿಲ್ಲುವುದು ಅವರ ಮನೆಯ ಎದುರಿನ ಹೊಂಗೆ ಮರದಡಿಯೇ. ಇಳಿದವನು ನೇರ ಒಳಗೆ ಬರುತ್ತಿರಲಿಲ್ಲ, ಗೇಟಿನ ಹೊರಗೇ ನಿಂತು, ಶೋಕೀ, ಎಂದು ಎಳೆದು ಕರೆಯುತ್ತಿದ್ದ. ಎರಡನೆಯ ಸಲ ಇನ್ನೂ ಎಳೆದು, ಶೋಕೀ. ನಾಯಿ ಅಂಗಳದಲ್ಲಿ ಎಲ್ಲಿದ್ದರೂ ಕಿವಿ ಹಾರಿಸಿಕೊಂಡು ಓಡುತ್ತಿತ್ತು. ಒಲೆಯ ಮುಂದೆ ಮುದ್ದೆಗೆ ಎಸರಿಟ್ಟುಕೊಂಡು ಕೂತ ಹೇಮಶ್ರೀಗೆ ಪ್ರತಿದಿನ ಆ ಕೂಗು ಕೇಳುತ್ತಿತ್ತು. ಬಸ್ಸಿನಿಂದ ಇಳಿದ ಮನುಷ್ಯನ ಬಾಯಲ್ಲಿ ಮೊದಲು ಬರುವುದು ನಾಯಿಯ ಹೆಸರು. ಅವಳ ಹೆಸರು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಅವರ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಇವಳೇ, ಏಯ್, ಕೇಳ್ತಾ. ಅತ್ತೆ ಇರುವವರೆಗೆ ಅದೂ ಇರಲಿಲ್ಲ, ಬರೀ ಕೆಮ್ಮು. ಅತ್ತೆ ಹೋದ ಮೇಲೆ ಕರೆಯಬಹುದಿತ್ತು. ಕರೆಯಲಿಲ್ಲ. ಹೇಮಶ್ರೀ ಎಂಬಷ್ಟು ಉದ್ದದ ಹೆಸರು ಹೊಲದ ಮನುಷ್ಯನ ನಾಲಿಗೆಗೆ ಒಗ್ಗುವುದಿಲ್ಲವೇನೋ ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆದರೂ ಒಂಬತ್ತು ವರ್ಷ, ಆರು ಗಂಟೆಯಾದರೆ ಸಾಕು, ನಾಯಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಂದು ದಿನವೂ ಎದ್ದು ಗೇಟಿಗೆ ಹೋಗಲಿಲ್ಲ. ಕರೆಯದೆ ಹೇಗೆ ಹೋಗುವುದು. ಬಂದ್ರಾ, ಎಂದು ಒಳಗಿನಿಂದಲೇ ಕೂಗಿ ಸೌಟು ತಿರುಗಿಸುತ್ತಿದ್ದಳು. ಅವನು ಅಂಗಳದಲ್ಲಿ ನಾಯಿಯ ಜೊತೆ ಏನೋ ಮಾತಾಡಿ ನಗುತ್ತ ಕಾಲು ತೊಳೆಯುತ್ತಿದ್ದ.

ಆ ಹೆಸರನ್ನು ಇಟ್ಟವಳೂ ಅವಳೇ ಎಂದರೆ ಯಾರು ನಂಬುತ್ತಾರೆ. ಹದಿಮೂರು ವರ್ಷದ ಹಿಂದೆ ಕ್ಯಾಂಪಿನ ಟಿಬೆಟಿಯನ್ ಹೆಂಗಸೊಬ್ಬಳು ಕೊಟ್ಟಳೆಂದು ಈ ಜೂಲುಗೂದಲ ನಾಯಿಯನ್ನು ಟೆಂಪೋದಲ್ಲಿ ಹಾಕಿಕೊಂಡು ತಂದಿದ್ದ. ಅದು ಇಳಿಯಲೊಲ್ಲದು. ಅವನು ಕೆಳಗೆ ನಿಂತು ಚಪ್ಪಾಳೆ ತಟ್ಟಿ ಏನೋ ಕೂಗುತ್ತಿದ್ದ. ಅವಳು ಹೊಸ್ತಿಲಿಗೆ ಬಂದು, ಶೋಕಿ ಅಂತಾನಾ ಹೆಸರು, ಎಂದು ಕೇಳಿದಳು. ಅಲಂಕಾರ ಮಾಡಿಕೊಂಡು ಓಡಾಡುವವರಿಗೆ ಶೋಕಿ ಎನ್ನುತ್ತಾರಲ್ಲ. ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡ ಅದಕ್ಕೆ ಹೆಸರು ಸರಿಯಾಗಿ ಹೊಂದುತ್ತಿತ್ತು. ರುದ್ರಸ್ವಾಮಿ ಅವಳನ್ನು ಒಂದು ಗಳಿಗೆ ನೋಡಿ, ಆಮೇಲೆ ಜೋರಾಗಿ ನಕ್ಕು, ಹೂಂ ಶೋಕೀನೇ, ಎಂದಿದ್ದ. ಅಷ್ಟು ನಗುವಂಥದ್ದೇನಿತ್ತೋ. ನಾಲ್ಕು ವರ್ಷದ ಹಿಂದೆ ಜೋಳದ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಇಳಿದು, ಎದೆ ಹಿಡಿದುಕೊಂಡು, ಸಾಲಿನ ಮೇಲೆ ಹಾಗೇ ಕೂತನಂತೆ, ಮತ್ತೆ ಏಳಲಿಲ್ಲವಂತೆ. ಅವತ್ತು ಸಂಜೆಯೂ ಆರರ ಬಸ್ಸು ಬಂತು, ನಿಂತಿತು, ಹೋಯಿತು. ಮನೆ ತುಂಬ ಜನ. ನಾಯಿ ಮಾತ್ರ ಗೇಟಿನ ಸರಳುಗಳ ನಡುವೆ ಗದ್ದ ಇಟ್ಟುಕೊಂಡು ಮಲಗಿತ್ತು. ಮಾರನೆಯ ದಿನವೂ, ತಿಥಿಯ ದಿನವೂ. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. ಪೊರಕೆ ಹಿಡಿದುಕೊಂಡು ಹೋಗಿ, ಹೋಗು ಶೋಕಿ, ಹೋಗಾಚೆ, ಯಾರೂ ಬರಲ್ಲ ಕಣೋ, ಎಂದು ಕೂಗಿದಳು. ಅದು ಹೋಗುವ ಬದಲು ಅವಳ ಕಾಲ ಹತ್ತಿರ ಬಂತು. ಹೊಡೆದಳು. ಹೋಗು ಶೋಕಿ ಅಂದ್ರೆ, ಎಂದು ಇನ್ನೂ ಜೋರಾಗಿ ಕೂಗಿದಳು. ಅದು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಇನ್ನೂ ಹತ್ತಿರ ತೆವಳಿತು. ಬೇಕೆಂದೇ ಮೊಂಡು ಹಿಡಿದಿದೆ, ತನ್ನನ್ನು ಅಣಕಿಸುತ್ತಿದೆ ಎಂದು ಅವಳಿಗೆ ರೋಷ ಉಕ್ಕಿ ಪೊರಕೆಯ ಹಿಡಿ ಬಿಚ್ಚುವವರೆಗೆ ಹೊಡೆದಳು. ಎದುರು ಮನೆಯವರು ಬಂದು ಬಿಡಿಸಿದರು. ಆಮೇಲೆ ಅದರ ಬೆನ್ನಿಗೆ ಅರಿಸಿನ ಹಚ್ಚಿದವಳೂ ಅವಳೇ, ಆ ರಾತ್ರಿಯಿಂದ ಅದನ್ನು ಮಂಚದ ಪಕ್ಕ ಮಲಗಿಸಿಕೊಂಡವಳೂ ಅವಳೇ. ಕಾಯುವುದನ್ನು ಅದು ಬಿಡಲಿಲ್ಲ. ಕ್ರಮೇಣ ಅವಳು ಕಾಯುವ ಕೆಲಸವನ್ನು ಅದಕ್ಕೇ ಬಿಟ್ಟುಕೊಟ್ಟಳು. ತಾನು ಒಲೆಯ ಮುಂದೆ, ಅದು ಗೇಟಿನ ಮುಂದೆ. ಅದು ಅಲ್ಲಿ ಮಲಗಿರುವವರೆಗೆ ಅವನು ಪೂರ್ತಿ ಸತ್ತಿಲ್ಲ ಎಂದು ಒಳಗೊಳಗೇ ಧೈರ್ಯವಾಗಿದ್ದಳು. ಈ ಆಷಾಢದಿಂದ ಆರರ ಬಸ್ಸು ಹಾರನ್ ಹೊಡೆದಾಗಲೂ ಅದು ಗೋಡೆ ನೋಡುತ್ತ ನಿಂತಿರುತ್ತದೆ.

ಅಂಗನವಾಡಿಯಲ್ಲಿ ಆ ಬೆಳಿಗ್ಗೆ ಮಕ್ಕಳ ಹಾಜರಿ ಕರೆಯುತ್ತಿದ್ದಾಗಲೂ ಅವಳಿಗೆ ಅದೇ ಯೋಚನೆ. ಚಿನ್ನು, ಬಂದೆ ಟೀಚರ್. ಸ್ಪಂದನಾ, ಬಂದೆ ಟೀಚರ್. ಹೆಸರು ಕರೆದರೆ ಬಂದೆ ಎನ್ನುವುದನ್ನು ಇಪ್ಪತ್ತು ವರ್ಷದಿಂದ ಊರಿನ ಮಕ್ಕಳಿಗೆ ಕಲಿಸುತ್ತಿರುವವಳು ಅವಳು. ಮೂಲೆಯಲ್ಲಿ ತೂಕದ ಯಂತ್ರ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಅದನ್ನು ನೋಡಿದರೆ ಈಗಲೂ ಮುಖ ಬಿಸಿಯಾಗುತ್ತದೆ. ಹೋದ ವಾರ ಮಕ್ಕಳೆಲ್ಲ ಹೋದ ಮೇಲೆ, ನಾಯಿ ದಿನದಿನಕ್ಕೆ ಇಳಿಯುತ್ತಿದೆಯಲ್ಲ ಎಂದು ಸಂಕಟವಾಗಿ, ಸೆರಗಿನಲ್ಲಿ ಸುತ್ತಿಕೊಂಡು ಬಂದು ಮಕ್ಕಳ ತೂಕದ ಯಂತ್ರದ ಮೇಲೆ ಕೂರಿಸಿದ್ದಳು. ಐದು ಕೆಜಿ ಎಂಟುನೂರು. ಮಗುವಾಗಿದ್ದರೆ ತೂಕದ ಪಟ್ಟಿಯಲ್ಲಿ ಅಪೌಷ್ಟಿಕತೆಯ ಕೆಂಪು ಗೆರೆಯ ಕೆಳಗೆ. ಬಿಟ್ಟುಹೋದ ನೀರಿನ ಬಾಟಲಿ ತೆಗೆದುಕೊಳ್ಳಲು ಬಂದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಸಂಜೆಯೊಳಗೆ ಊರೆಲ್ಲ ಮಾತು. ನಾಯಿ ಕೂರ್ಸೋ ತಕ್ಕಡೀಲಿ ನಮ್ ಕೂಸ ಕೂರ್ಸ್ತಾರಂತೆ. ಮಕ್ಳಿಲ್ದೋಳು, ನಾಯಿಗೆ ಸೀರೆ ಹರ್ದು ಕಾಚ ಕಟ್ತಾಳಂತೆ. ಕಟ್ಟುತ್ತಿದ್ದದ್ದು ನಿಜ. ಒದ್ದೆಯಲ್ಲಿ ಮಲಗಿದರೆ ಚರ್ಮ ಹುಣ್ಣಾಗುತ್ತದೆ. ಅದನ್ನೆಲ್ಲ ಯಾರಿಗೆ ಹೇಳುವುದು. ಮೇಲಿನ ಅಧಿಕಾರಿ ಫೋನು ಮಾಡಿ, ನಿಮ್ಮಂಥ ಹಳಬರೇ ಹೀಗೆ ಮಾಡಿದರೆ ಹೇಗೆ, ಎಂದರು. ಯಂತ್ರವನ್ನು ಮೂರು ಸಲ ತೊಳೆದೆ ಮೇಡಂ, ಎಂದಳು. ಹಾಗೆ ಹೇಳುವಾಗ ಶೋಕಿ ಏನೋ ಹೊಲಸು ಎಂದು ತಾನೇ ಒಪ್ಪಿಕೊಂಡ ಹಾಗಾಯಿತು. ಅವತ್ತೇ ಚಲುವಯ್ಯನಿಗೆ ಹೂಂ ಅಂದದ್ದು. ಅದರ ನರಳಾಟ ನೋಡಲಾರದೆ ಹೇಳಿದೆ ಎಂದು ಎಲ್ಲರೆದುರು ಅಂದಳು. ಅವಮಾನ ತಡೆಯಲಾರದೆ ಹೇಳಿದ್ದು ಎಂದು ಅವಳಿಗೆ ಗೊತ್ತು.

ಹನ್ನೊಂದು ಗಂಟೆಗೆ, ತಲೆನೋವು ಎಂದು ಸಹಾಯಕಿಗೆ ಮಕ್ಕಳನ್ನು ಒಪ್ಪಿಸಿ ಮನೆಗೆ ಬಂದಳು. ಭಾನುವಾರದಿಂದ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿತ್ತು. ಊರ ಪಕ್ಕದ ಬೆಟ್ಟ ಹತ್ತಿ ಇಳಿದು ಬಂದ ಇಬ್ಬರು ಲಾಮಾಗಳು ಹೊಂಗೆ ಮರದಡಿ ಬಸ್ಸಿಗೆ ಕಾಯುತ್ತ, ಕೆಂಪು ಬಟ್ಟೆ ಮೊಣಕಾಲಿಗೆತ್ತಿಕೊಂಡು, ಕಡಲೆಕಾಯಿ ತಿನ್ನುತ್ತ ಅವರ ಭಾಷೆಯಲ್ಲಿ ಹರಟುತ್ತಿದ್ದರು. ಅಂಗಳದಲ್ಲಿ ಒಂದೇ ಕಡೆಗೆ ಗಿರಗಿರ ಸುತ್ತುತ್ತಿದ್ದ ಶೋಕಿ ನಿಂತಿತು. ಕಿವಿ ಎತ್ತಿತು. ನಾಲ್ಕು ತಿಂಗಳಿಂದ ತಟ್ಟೆ ಬಡಿದರೂ ಏಳದಿದ್ದ ಕಿವಿ. ಬಸ್ಸು ಬಂದು ಲಾಮಾಗಳು ಹೋದ ಮೇಲೂ ಅದು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಕನ್ನಡವನ್ನು ಮರೆತಿದೆ, ಅದಕ್ಕಿಂತ ಹಿಂದಿನದು ಇನ್ನೂ ಉಳಿದಿದೆ, ಎಂದು ಅವಳಿಗೆ ಹೊಳೆಯಿತು. ಅವಳ ಅಜ್ಜಿಯೂ ಕೊನೆಗೆ ಹೀಗೇ ಮಕ್ಕಳನ್ನೆಲ್ಲ ಮರೆತು ತವರಿನ ಎಮ್ಮೆಗಳ ಹೆಸರು ಹೇಳುತ್ತಿದ್ದಳು. ಶೋಕಿಯ ತವರು ಎಂದರೆ ಕ್ಯಾಂಪು. ಅಲ್ಲಿಯವರು ಕರೆದರೆ ಅದು ಎಚ್ಚರವಾಗಬಹುದು. ಎಚ್ಚರವಾದಾಗ ಪಕ್ಕದಲ್ಲಿ ತಾನಿದ್ದರೆ ಸಾಕು. ಹುಚ್ಚು ಎಂದು ಗೊತ್ತಿದ್ದೂ ಅವಳು ಆಟೋ ಶಕೀಲನಿಗೆ ಫೋನು ಮಾಡಿದಳು.

ಪಿರಿಯಾಪಟ್ಟಣದ ಶಕೀಲ ಹೊಗೆಸೊಪ್ಪಿನ ಕಾಲದಲ್ಲಿ ಈ ಕಡೆಯೇ ಆಟೋ ಬಾಡಿಗೆಗೆ ಓಡಿಸುತ್ತಾನೆ. ಮಧ್ಯಾಹ್ನ ಬೇರೆ ಬಾಡಿಗೆ ಮುಗಿಸಿ ಬಂದವನು, ನಾಯಿ ಎಂದ ಕೂಡಲೇ ಮುಖ ಹುಳ್ಳಗೆ ಮಾಡಿದ. "ಟೀಚರ್, ಅದು ಜೊಲ್ಲು ಸುರಿಸಿದ್ರೆ ನಾನು ನಮಾಜಿಗೆ ಬಟ್ಟೆ ಬದಲಾಯಿಸ್ಬೇಕು ಕಣ್ರೀ," ಎಂದ. ಆಮೇಲೆ ಅವಳ ಮುಖ ನೋಡಿ, ಸೀಟಿನಡಿಯಿಂದ ಪ್ಲಾಸ್ಟಿಕ್ ಹಾಳೆ ತೆಗೆದು ಹಾಸಿ, ಅದರ ಮೇಲೆ ತನ್ನದೇ ಹಳೆಯ ಟವಲ್ಲು ಹಾಕಿ, "ಕೂರ್ಸಿ, ರುದ್ರಣ್ಣನ ನಾಯಿ ಅಲ್ವಾ," ಎಂದ. ದಾರಿಯುದ್ದಕ್ಕೂ ಬ್ಯಾರನ್ ಮನೆಗಳಲ್ಲಿ ಹೊಗೆಸೊಪ್ಪು ಬೇಯುವ ಸಿಹಿ ಒಗರು ವಾಸನೆ. ನಾಯಿ ಮೂಗನ್ನೂ ಅಲ್ಲಾಡಿಸಲಿಲ್ಲ. ಅವಳ ತೊಡೆಯ ಮೇಲೆ ನಡುಗುತ್ತ ಆಟೋದ ಕಬ್ಬಿಣದ ಸರಳನ್ನು ನೋಡುತ್ತಿತ್ತು. ಇದೇ ರಸ್ತೆಯಲ್ಲಿ ಗಂಡ ದಿನಾ ಹೋಗಿ ಬರುತ್ತಿದ್ದ ಎಂದು ಅವಳು ಯೋಚಿಸಿದಳು. ಒಂದ್ಸಲ ಬಾ, ಕ್ಯಾಂಪು ನೋಡ್ಕಂಡು ಬರವಾ, ನಾನು ಉಳೋ ಹೊಲ ತೋರಿಸ್ತೀನಿ, ಎಂದು ಎಷ್ಟು ಸಲ ಅಂದಿದ್ದ. ಅಂಗನವಾಡಿ ಬುಟ್ಟು ಎಲ್ಲಿಗೆ ಬರ್ಲಿ, ಎನ್ನುತ್ತಿದ್ದಳು ಅವಳು. ಸ್ತ್ರೀಶಕ್ತಿ ಸಂಘದವರ ಜೊತೆ ಕ್ಯಾಂಪಿನ ಚಿನ್ನದ ಬುದ್ಧನನ್ನು ನೋಡಲು ಒಮ್ಮೆ ಬಂದಿದ್ದಳು. ಅವತ್ತೂ ಅವನು ಅಲ್ಲೇ ಎಲ್ಲೋ ಹೊಲದಲ್ಲಿದ್ದ. ಹೋಗಿ ನೋಡಲು ಜೊತೆಯ ಹೆಂಗಸರು ನಕ್ಕಾರೆಂದು ಸಂಕೋಚಪಟ್ಟು ಸುಮ್ಮನೆ ವಾಪಸು ಬಂದಿದ್ದಳು. ಈಗ ಜೋಳ ಮುರಿದ ಬಯಲುಗಳು, ಬಣ್ಣದ ಬಟ್ಟೆಯ ಬಾವುಟಗಳು ಬಂದವು. ಯಾವ ಸಾಲಿನ ಮೇಲೆ ಕೂತನೋ. ಶಕೀಲನನ್ನು ಕೇಳಬೇಕೆನಿಸಿತು, ಕೇಳಲಿಲ್ಲ.

ನಾಯಿ ಕೊಟ್ಟ ಹೆಂಗಸಿನದು ಒಂದು ಸಣ್ಣ ಹೋಟೆಲು ಎಂದಷ್ಟೇ ಅವಳಿಗೆ ಗೊತ್ತಿತ್ತು. ಟ್ರ್ಯಾಕ್ಟರ್ ರುದ್ರಸ್ವಾಮಿ ಚಾ ಕುಡಿಯುತ್ತಿದ್ದ ಹೋಟೆಲು ಎಂದು ಶಕೀಲ ಎರಡು ಕಡೆ ವಿಚಾರಿಸಿ ಪತ್ತೆ ಮಾಡಿಬಿಟ್ಟ. ಒಳಗೆ ಮೂವತ್ತೈದರ ಆಸುಪಾಸಿನ ಹೆಂಗಸು ಮೋಮೊ ಮಡಿಚುತ್ತ ಕೂತಿದ್ದಳು. ಹೆಸರು ಪಾಸಂಗ್. ನಾಯಿ ಕೊಟ್ಟ ಅವಳ ತಾಯಿ ತೀರಿಕೊಂಡು ಆರು ವರ್ಷವಾಯಿತಂತೆ. ರುದ್ರಣ್ಣನ ಮನೆಯವರಾ, ಎಂದು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಕನ್ನಡವನ್ನು ಪಿರಿಯಾಪಟ್ಟಣದವರಂತೆಯೇ ಆಡಿದಳು. ಕೂರಿಸಿ ಚಾ ಕೊಟ್ಟಳು. ಹೇಮಶ್ರೀ ನಾಯಿಯನ್ನು ನೆಲಕ್ಕಿಳಿಸಿ, ಏನೋ ಕಳವು ಒಪ್ಪಿಕೊಳ್ಳುವವಳಂತೆ ತಡವರಿಸುತ್ತ ವಿಷಯ ಹೇಳಿದಳು. ನಾಳೆಯದನ್ನು ಹೇಳಲಿಲ್ಲ.

"ನಿಮ್ಮ ಭಾಷೇಲಿ ಒಂದ್ಸಲ ಕರೀರಿ. ಶೋಕಿ ಅಂತ. ನೀವು ಕರೆಯೋ ಹಂಗೆ."

ಪಾಸಂಗ್ ಅರ್ಥವಾಗದೆ ನೋಡಿದಳು. "ಏನಂತ ಕರೀಬೇಕಕ್ಕ?"

"ಶೋಕಿ. ಅದ್ರ ಹೆಸ್ರು."

ಪಾಸಂಗ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ತಡೆಯಲಿಲ್ಲ. ಗಲ್ಲಕ್ಕೆಲ್ಲ ಹಿಟ್ಟು ಮೆತ್ತಿಕೊಂಡಿತು. "ಅಯ್ಯೋ, ತಪ್ಪು ತಿಳ್ಕಬ್ಯಾಡಿ ಅಕ್ಕ. ಅದು ಹೆಸರಲ್ಲ ಕಣಕ್ಕ. ಶೋಗ್, ಶೋಗ್. ಬಾ ಅಂತ. ನಮ್ಮಲ್ಲಿ ಬಾ ಅನ್ನಕ್ಕೆ ಶೋಗ್ ಅಂತೀವಿ. ಹೆಸ್ರು ಬೇರೆ ಏನೋ ಇತ್ತು. ಅಮ್ಮಂಗೆ ಗೊತ್ತಿತ್ತು, ನಂಗೆ ನೆನಪಿಲ್ಲ."

ಹೇಮಶ್ರೀಗೆ ಕಿವಿಯವರೆಗೆ ಕಾವೇರಿತು. ಬಾಗಿಲಲ್ಲಿ ನಿಂತ ಶಕೀಲನೂ ನಗುತ್ತಿದ್ದ. ಹದಿಮೂರು ವರ್ಷ ನಾಯಿಗೆ ಬಾ ಎಂದು ಹೆಸರಿಟ್ಟುಕೊಂಡಿದ್ದವಳು, ಅದೂ ಊರಿನ ಮಕ್ಕಳಿಗೆ ಹೆಸರು ಕಲಿಸುವ ಟೀಚರು. ಅವಳೂ ಸ್ವಲ್ಪ ನಕ್ಕಳು. ನಗುತ್ತಿರುವಾಗಲೇ ಪೊರಕೆ ನೆನಪಾಯಿತು. ಹೋಗು ಶೋಕಿ. ಹೋಗು, ಬಾ. ಕೂಗು ಜೋರಾದಷ್ಟೂ ಅದು ಹತ್ತಿರ ಬಂದದ್ದು ಮೊಂಡಿನಿಂದಲ್ಲ. ಅವಳ ಮಾತಿನಲ್ಲಿ ಅದಕ್ಕೆ ಚೆನ್ನಾಗಿ ಗೊತ್ತಿದ್ದ ಒಂದೇ ಮಾತನ್ನು ಅದು ಪಾಲಿಸಿತ್ತು. ಪಾಲಿಸಿದ್ದಕ್ಕೆ ಹಿಡಿ ಬಿಚ್ಚುವವರೆಗೆ ಹೊಡೆದಿದ್ದಳು. ಚಾ ಲೋಟ ಕೆಳಗಿಟ್ಟಳು.

"ನಮ್ಮ ಮನೆಯೋರು ಒಂದು ದಿನಾನೂ ಹೇಳಲಿಲ್ಲ. ಅವ್ರಿಗೂ ಗೊತ್ತಿರಲಿಲ್ಲ ಅನ್ಸುತ್ತೆ," ಎಂದಳು.

"ರುದ್ರಣ್ಣಂಗಾ? ಅವ್ರಿಗೆ ಗೊತ್ತಿಲ್ದೆ ಏನಕ್ಕ, ನಮ್ಮ ಭಾಷೆ ನಮಗಿಂತ ಚೆನ್ನಾಗಿ ಆಡೋರು. ಅಮ್ಮನ ಜೊತೆ ಇಲ್ಲೇ, ಈ ಬೆಂಚಿನ ಮೇಲೆ ಕೂತು." ಪಾಸಂಗ್ ಕಣ್ಣೊರೆಸಿಕೊಂಡಳು, ನಗುವಿನಿಂದಲೇ. "ನಮ್ಮನೆಯೋರು ನಾಯಿಗೆ ಬಾ ಅಂತ ಹೆಸರಿಟ್ಟವ್ರೆ ಅಂತ ಹೇಳಿ ಹೇಳಿ ನಗಾಡೋರು. ಸರಿ ಮಾಡ್ಬಾರ್ದಾ ಅಂತ ಅಮ್ಮ ಬೈದ್ರೆ, ಇರ್ಲಿ ಬುಡಮ್ಮ, ಅವ್ಳ್ ಹೆಸ್ರು ಹಿಡ್ದು ಕರ್ಯಕ್ಕೆ ನಂಗೆ ನಾಚ್ಕೆ, ದಿನಾ ಸಂಜೆ ಗೇಟತ್ರ ನಿಂತು ಬಾ ಬಾ ಅಂತ ಕರೀತೀನಿ, ಬರಬೇಕಾದೋರು ಒಲೆ ಮುಂದೆ ಕೂತಿರ್ತಾರೆ, ನಾಯಿ ಒಂದೇ ಬತ್ತದೆ, ಅನ್ನೋರು."

ಅಷ್ಟು ಹೇಳಿ ಪಾಸಂಗ್ ನಾಯಿಯ ಕಡೆ ತಿರುಗಿ, ಮೇಲುದನಿಯಲ್ಲಿ, ಶೋಗ್ ಶೋಗ್, ಎಂದಳು. ಮೇಜಿನ ಕಾಲಿಗೆ ಹಣೆ ಒತ್ತಿಕೊಂಡು ನಿಂತಿದ್ದ ಶೋಕಿ ಕಿವಿ ಎತ್ತಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಎಷ್ಟೋ ದಿನದಿಂದ ಇಡಲಾರದೆ ಇದ್ದ ಹಿಂದಿನ ಹೆಜ್ಜೆ. ತಿರುಗಿ, ಓಲಾಡಿಕೊಂಡು, ಹಿಟ್ಟು ಮೆತ್ತಿದ ಕೈಯ ಹತ್ತಿರ ಹೋಗಿ ಮೂಸಿತು. ಇದನ್ನು ನೋಡಲೆಂದೇ ಹೇಮಶ್ರೀ ಇಷ್ಟು ದೂರ ಬಂದಿದ್ದಳು. ಈಗ ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಬರಬೇಕಾದೋರು ಒಲೆ ಮುಂದೆ. ಬರಬೇಕಾದೋರು. ಕಣ್ಣು ಮಂಜಾಗಿ, ಎದುರಿನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದಂಕಿಯೂ ಕಾಣಲಿಲ್ಲ. ಅಳ್ತಾ ಇದೀರಾ ಅಕ್ಕ, ನಾನೇನಾರ ತಪ್ಪು ಹೇಳಿದ್ನಾ, ಎಂದು ಪಾಸಂಗ್ ಕೇಳುತ್ತಿದ್ದಳು. ಇಲ್ಲಮ್ಮ, ಹೊಗೆ, ಎಂದಳು. ಒಲೆ ಉರಿಯುತ್ತಿದ್ದದ್ದು ಗ್ಯಾಸಿನಲ್ಲಿ.

ವಾಪಸು ಬರುವಾಗ ಅವಳು ಬಾಯೊಳಗೇ ಆ ಮಾತನ್ನು ಹೇಳಿಕೊಂಡಳು. ಶೋಗ್. ಅದು ಹೆಸರಾಗಿರಲಿಲ್ಲ. ಹೆಸರಾಗಿದ್ದರೆ ಒಬ್ಬರದಾಗುತ್ತಿತ್ತು. ಬಾ ಎಂದರೆ ಯಾರು ಬೇಕಾದರೂ ಹೋಗಬಹುದಿತ್ತು. ಒಂಬತ್ತು ವರ್ಷ, ಬಸ್ಸು ಕೆಟ್ಟ ದಿನ, ಹಬ್ಬದ ದಿನ ಬಿಟ್ಟರೆ ಪ್ರತಿ ಸಂಜೆ, ಎಂಟು ಮಾರು ದೂರದಲ್ಲಿ ನಿಂತು ಆ ಮನುಷ್ಯ ಬಾ ಎಂದು ಕರೆದಿದ್ದಾನೆ. ತಾನು ಬಂದ್ರಾ ಎಂದು ಒಳಗಿಂದ ಕೂಗಿದ್ದೇನೆ. ಹಾಳಾದವನು, ಒಂದು ದಿನ ಕನ್ನಡದಲ್ಲಿ ಕರೆಯಬಾರದಿತ್ತೇ. ಅವನ ಮೇಲೆ ಕೋಪ ಬಂತು. ಸತ್ತ ಮೇಲೆ ಅವನ ಮೇಲೆ ಬಂದ ಮೊದಲ ಕೋಪ ಅದು, ಅದರಲ್ಲಿ ಎಂಥದೋ ಸುಖವಿತ್ತು. ಕೋಪ ಇಳಿದ ಮೇಲೆ ಅವನು ಬೇಕು ಎನಿಸಿತು, ಬರೀ ಅಷ್ಟೇ. ಈಗಿಂದೀಗ ಬೇಕು. ಬೆಟ್ಟ ಕಾಣುವ ಹೊತ್ತಿಗೆ ಐದು ಮುಕ್ಕಾಲು. ಮನೆಯ ಮುಂದೆ ಶಕೀಲ, ಅವಳು ಬೇಡವೆನ್ನುವಷ್ಟರಲ್ಲಿ, ನಾಯಿಯನ್ನು ತಾನೇ ಎರಡೂ ಕೈಯಲ್ಲಿ ಎತ್ತಿ ಒಳಗೆ ಜಗಲಿಯ ಮೇಲೆ ಬಿಟ್ಟ. "ಬಟ್ಟೆ ಹೆಂಗೂ ಬದಲಾಯಿಸ್ಬೇಕಿತ್ತು ಬಿಡಿ," ಎಂದು ಬಾಡಿಗೆ ತೆಗೆದುಕೊಂಡು ಹೋದ.

ಬೀಗ ತೆಗೆದು ಬಾಗಿಲು ದೂಡಿದ ಕೂಡಲೇ ಶೋಕಿ ಮತ್ತೆ ಬಾಗಿಲ ಕೀಲಿನ ಸಂದಿಗೆ ಹೋಗಿ ನಿಂತಿತು. ಹೇಮಶ್ರೀ ಚಪ್ಪಲಿಯನ್ನೂ ಬಿಡದೆ, ಒಳಗೆ ಹೋಗದೆ, ಗೇಟಿಗೆ ನಡೆದಳು. ಹೊರಗೆ ಹೋಗಿ ಅವನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಅಲ್ಲಿಂದ ಮನೆ ಬೇರೆ ಥರ ಕಾಣುತ್ತಿತ್ತು. ತೆರೆದ ಬಾಗಿಲು, ಅದರಾಚೆ ಅಡುಗೆಮನೆಯ ಒಂದು ಮೂಲೆ, ಒಲೆಯ ಮುಂದಿನ ಅವಳ ಮಣೆ. ಇಲ್ಲಿಂದ ಅವಳು ಅವನಿಗೆ ಕಾಣುತ್ತಿದ್ದಳು. ಇಷ್ಟು ವರ್ಷ ಅದು ಅವಳಿಗೆ ಗೊತ್ತೇ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ಎದುರು ಮನೆಯವರು ನೋಡಿದರೆ ನೋಡಲಿ ಎಂದು, ಶೋಗ್, ಎಂದು ಕರೆದಳು. ದನಿ ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ, ಅವನ ಹಾಗೆ ಎಳೆದು, ಶೋಕೀ. ನಾಯಿ ಕಿವಿ ಎತ್ತಿತು. ಸಂದಿಯಿಂದ ಮೂಗು ತೆಗೆದು ತಿರುಗಿತು. ಜಗಲಿಯಿಂದ ಇಳಿದು, ಅಂಗಳದ ನಡುವಿಗೆ ಬಂದು, ಯಾಕೆ ಬಂದೆನೆಂದು ಮರೆತು ನಿಂತಿತು. ಮತ್ತೆ ಕರೆದಳು. ಮತ್ತೆ ಹೊರಟಿತು. ತುಳಸಿಕಟ್ಟೆಯ ಹತ್ತಿರ ಮತ್ತೆ ಮರೆಯಿತು. ಅದು ಮರೆತಷ್ಟು ಸಲವೂ ಅವಳು ಕರೆದಳು, ಒಂದು ಸಲವೂ ಬೇಸರವಾಗಲಿಲ್ಲ. ಕೊನೆಗೆ ಗೇಟಿಗೆ ಬಂತು. ಅದು ಅವಳ ಮುಖ ನೋಡಲಿಲ್ಲ. ಗೇಟಿನ ಸಂದಿಯಿಂದ ಅವಳ ಕಾಲು ಮೂಸಿ, ಪಕ್ಕಕ್ಕೆ ಸರಿದು, ತನ್ನ ಹಳೆಯ ಜಾಗಕ್ಕೆ ಹೋಗಿ, ಸರಳುಗಳ ನಡುವೆ ಗದ್ದ ಇಟ್ಟು, ರಸ್ತೆಯ ಕಡೆ ಮುಖ ಮಾಡಿ ಮಲಗಿತು. ಬೆಳಿಗ್ಗೆಯಿಂದ ಬಯಸಿದ್ದು ಸಿಗಲಿಲ್ಲ. ಆದರೂ ಅವಳಿಗೆ ನೋವಾಗಲಿಲ್ಲ. ಒಳಗೆ ಬಂದು ಅದರ ಪಕ್ಕ ಮಣ್ಣಿನಲ್ಲೇ ಕೂತು, ಪೊರಕೆಯ ಏಟು ಬಿದ್ದಿದ್ದ ಬೆನ್ನಿನ ಮೇಲೆ ಕೈ ಇಟ್ಟಳು. ತಪ್ಪಾಯ್ತು ಕಣೋ, ಎಂದಳು. ಅದು ಗುರ್ರೆನ್ನಲಿಲ್ಲ. ಬಸ್ಸು ಬಂತು. ನಿಂತಿತು. ಹುಲ್ಲಿನ ಹೊರೆಯ ಒಬ್ಬ ಹೆಂಗಸು ಇಳಿದಳು. ಬಸ್ಸು ಹೋಯಿತು. ಅವಳು ಮೊದಲ ಸಲ ಅದನ್ನು ಕೊನೆಯವರೆಗೆ ನೋಡಿದಳು.

ಕತ್ತಲು ಕವಿಯುವ ಮುಂಚೆ ಚಲುವಯ್ಯನಿಗೆ ಫೋನು ಮಾಡಿದಳು.

"ಅಣ್ಣ, ನಾಳೆ ನಾಕು ಗಂಟೆಗೆ ಬರಬ್ಯಾಡಿ."

"ನಂಗೊತ್ತಿತ್ತು ಕಣವ್ವ, ನಿಮ್ಗೆ ಮನ್ಸು ಬರಲ್ಲ ಅಂತ. ಆದ್ರೆ ಅದು ನರಳ್ತದೆ ನೋಡಿ..."

"ಇಲ್ಲಣ್ಣ, ಬನ್ನಿ. ಡಾಕ್ಟ್ರನ್ನೂ ಕರ್ಕಂಡು ಬನ್ನಿ. ಆರು ಗಂಟೆ ಬಸ್ಸು ಬಂದು ಹೋಗ್ಲಿ, ಆಮೇಲೆ ಬನ್ನಿ."

"ಆ ಬಸ್ಸಿಗೆ ಯಾರಾರ ಬರೋರವ್ರೇನವ್ವ?"

ಶೋಕಿ ಇನ್ನೂ ಸರಳಿನ ಮೇಲೆ ಗದ್ದ ಇಟ್ಟುಕೊಂಡೇ ಇತ್ತು.

"ಬರೋರು ಯಾರೂ ಇಲ್ಲಣ್ಣ," ಎಂದಳು ಹೇಮಶ್ರೀ. "ಕಾಯೋರು ಇಬ್ರು ಇದೀವಿ."